ಊರಿಗೆ ಉಣಿಸುವವರ ಮಕ್ಕಳ ಬುತ್ತಿ

ಜೂನ್ ತಿಂಗಳ ನಡುವೆ ಮುಂಬಯಿಯ ಶಾಲೆಗಳು ಬಾಗಿಲು ತೆರೆದುವೆಂದರೆ ನಮ್ಮ ಗೃಹಿಣಿಯರಿಗೆ ಹೊಸದೊಂದು ಚಿಂತೆ ಆರಂಭವಾಗುತ್ತದೆ. ಪುಸ್ತಕ, ಸಮವಸ್ತ್ರ, ಮಳೆಯಂಗಿಗಳ ಖರೀದಿ ಒಂದು ವಾರದಲ್ಲಿ ಮುಗಿಯುವ ಕಾರ್ಯ. ಆದರೆ 'ನಾಳೆ ಮಗುವಿನ ಡಬ್ಬಿಗೆ ಏನು?' ಎಂಬ ಪ್ರಶ್ನೆ ಮುಂದಿನ ಬೇಸಗೆ ರಜೆಯ ತನಕ ದಿನವೂ ರಾತ್ರಿ ಊಟದ ಬಳಿಕ ತಪ್ಪದೆ ಏಳುವಂಥದು. ಗಡಿ, ಚುನಾವಣೆ, ಬೆಲೆಯೇರಿಕೆ ಮೊದಲಾದ ಘನ ವಿಷಯಗಳನ್ನು ಬಿಟ್ಟು ಈ ಸ್ಥಳದಲ್ಲಿ ಡಬ್ಬಿಯ ಮಾತನ್ನೆತ್ತಿದುದಕ್ಕೆ ಕೆಲವು ವಾಚಕರು ಹುಬ್ಬೇರಿಸಬಹುದು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: 1996ರಲ್ಲಿ, ಕೊಂಕಣ ರೈಲು ಊರ ತನಕ ಪೂರ್ತಿ ಓಡದಿದ್ದ ದಿನಗಳಲ್ಲಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೊಂದನ್ನು ಟ್ರಂಕಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಈ ನಗರಕ್ಕೆ ಬಂದ ನಾವು, ಮೊದಲು ಕಪ್ಪು ತೊಳೆದು, ಬಳಿಕ ಸಪ್ಲೈ ಮಾಡಿ, ಕೊನೆಗೆ ಹದಿನಾರು ವರ್ಷ ಗಲ್ಲಾದ ಮೇಲೆ ಕುಳಿತವರು. ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಪತ್ರಿಕೆಯ ಮೇಜಿಗೆ ಬಂದುದು ಅನಂತರದ ಮಾತು. ರಾಜಕಾರಣದಲ್ಲಿ ನಮ್ಮ ಅಭಿಪ್ರಾಯ ತಪ್ಪಿದರೂ ತಪ್ಪೀತು; ಚಟ್ನಿ ಎಷ್ಟು ಹೊತ್ತಿಗೆ ಹಳಸುತ್ತದೆ ಎಂಬುದರಲ್ಲಿ ತಪ್ಪಲಾರದು.

ಮುಂಬಯಿಗೂ ಬುತ್ತಿಗೂ ಇರುವ ಸಂಬಂಧ ಹಳೆಯದು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆಯವರು ಆರಂಭಿಸಿದ ಡಬ್ಬಾವಾಲರ ವ್ಯವಸ್ಥೆ ಜಗತ್ಪ್ರಸಿದ್ಧವಾದುದು. ಕಚೇರಿಗಳಿಗೆ ಮಾತ್ರವಲ್ಲದೆ ಅನೇಕ ಶಾಲೆಗಳಿಗೂ ಮನೆಯ ಬಿಸಿ ಊಟವನ್ನು ಅವರು ಮುಟ್ಟಿಸುತ್ತಿದ್ದರು. 2020ರ ಮಹಾಮಾರಿಯ ಬಳಿಕ ಅವರ ಸಂಖ್ಯೆ ಬಹಳ ಕುಗ್ಗಿತು. ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬೆಳಗ್ಗೆ ಹೊರಡುವಾಗಲೇ ಡಬ್ಬಿಯನ್ನು ಚೀಲದಲ್ಲಿ ಹೊತ್ತೊಯ್ಯುತ್ತಾರೆ. ಇತ್ತ ನಮ್ಮವರ ವೃತ್ತಿಯಾದರೋ ಪರರಿಗೆ ಉಣಿಸುವುದೇ ಆಗಿದೆ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಕಾಲದಿಂದ, ಅದಕ್ಕೂ ಮೊದಲಿನಿಂದ, ಮನೆಯಿಂದ ದೂರ ಇರುವವನಿಗೆ ಮನೆಯ ಊಟ ಎಂಬ ಮಾತಿನ ಮೇಲೆಯೇ ದಕ್ಷಿಣ ಕನ್ನಡದ ಸಾವಿರಾರು ಕುಟುಂಬಗಳು ಇಲ್ಲಿ ಬದುಕು ಕಟ್ಟಿಕೊಂಡವು. ಹೀಗಿರಲು ಊರಿಗೆಲ್ಲ ಉಣಿಸುವವರ ಮಕ್ಕಳ ಡಬ್ಬಿಯಲ್ಲಿ ಏನಿರುತ್ತದೆಂದು ಎಂದಾದರೂ ಯಾರಾದರೂ ಮುಚ್ಚಳ ತೆಗೆದು ನೋಡಿದ್ದುಂಟೆ?

ನಾವು ನೋಡಿರಲಿಲ್ಲ. ಪರರ ದೋಷವನ್ನೆತ್ತಿ ಆಡುವ ಮೊದಲು ನಮ್ಮ ಮನೆಯದನ್ನು ಹೇಳಿಬಿಡುವುದು ಲೇಸು.

ನಮ್ಮ ಮಗಳು ಐದನೆಯ ಮತ್ತು ಆರನೆಯ ತರಗತಿಯಲ್ಲಿದ್ದ ಎರಡು ವರ್ಷ ಕಾಲ ಅವಳ ಡಬ್ಬಿ ಹೆಚ್ಚಿನ ದಿನ ಮನೆಯಲ್ಲಿ ಸಿದ್ಧವಾಗಲಿಲ್ಲ. ಮನೆಯವರು ಬೆಳಗ್ಗಿನ ಲೋಕಲ್ ಹಿಡಿದು ನೌಕರಿಗೆ ಹೋಗುವವರು. ಹೋಟೆಲು ಮನೆಯಿಂದ ಹತ್ತು ಹೆಜ್ಜೆ. ಶಾಲೆ ಮಧ್ಯಾಹ್ನದ ಪಾಳಿ. ಹನ್ನೊಂದೂವರೆಗೆ ಹುಡುಗನೊಬ್ಬನ ಕೈಯಲ್ಲಿ ಹೋಟೆಲಿನಿಂದ ಡಬ್ಬಿ ತುಂಬಿಸಿ ಕಳುಹಿಸುವುದು ಎಂದಾಯಿತು. ಮಗಳಿಗೆ ಇಷ್ಟವಾದುದು ನೂಡಲ್ಸು. ಅದಿಲ್ಲದ ದಿನ ಹುರಿದ ಅನ್ನ, ಅದೂ ಬೇಡವಾದ ದಿನ ಮಸಾಲೆ ದೋಸೆ. ಡಬ್ಬಿ ಪ್ರತಿದಿನ ಖಾಲಿಯಾಗಿ ಹಿಂದೆ ಬರುತ್ತಿತ್ತು. ನಾವು ಅದನ್ನೇ ಸಮಾಧಾನವೆಂದು ಬಗೆದೆವು. ಅವಳಿಗೆ ಹನ್ನೆರಡು ತುಂಬುವ ಹೊತ್ತಿಗೆ ಮೆಟ್ಟಲೇರಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ. 'ಮೊಬೈಲು ನೋಡಿ ನಿದ್ದೆಗೆಡುತ್ತಾಳೆ' ಎಂದು ಬೈದದ್ದೂ ಆಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 12 ಗ್ರಾಮಾದರೂ ಇರಬೇಕಾದಲ್ಲಿ 9.6 ಇದ್ದಿತು. ವೈದ್ಯರು ಹಳೆಯ ಗಿರಾಕಿ. ಚೀಟಿಯನ್ನು ನಮ್ಮ ಮುಂದೆ ಹಿಡಿದು, "ಶೇಟ್, ಇಪ್ಪತ್ತು ವರ್ಷದಿಂದ ನಿಮ್ಮಲ್ಲಿ ಉಣ್ಣುತ್ತಿದ್ದೇನೆ, ನನಗೇನೂ ಆಗಿಲ್ಲ. ನಿಮ್ಮ ಮಗಳಿಗೆ ಮಾತ್ರ ಊಟ ಹಾಕಿಲ್ಲವೇ?" ಎಂದು ಕೇಳಿದರು. ವಿನೋದಕ್ಕೆ ಆಡಿದ ಮಾತೇ ಆದರೂ ನಮಗೆ ತಲೆಯೆತ್ತಲಾಗಲಿಲ್ಲ. ಮನೆಯವರು ಅಲ್ಲಿ ಏನೂ ಆಡಲಿಲ್ಲ. ಮನೆಗೆ ಬಂದ ಮೇಲೆ, "ನಾನು ಕೆಲಸ ಬಿಡಬೇಕೆಂದು ಹೇಳುವವರಿದ್ದರೆ ಈಗಲೇ ಹೇಳಿಬಿಡಿ" ಎಂದರು. ನಾವು ಹಾಗೆ ಹೇಳುವವರಿದ್ದೆವೋ ಇಲ್ಲವೋ, ಆ ಮಾತು ಕೇಳಿದ ಮೇಲೆ ಹೇಳಲಿಲ್ಲ.

ಇದು ನಮ್ಮ ಮನೆಯೊಂದರ ಸಂಗತಿಯಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಬೆರಳು ಚುಚ್ಚಿ ನೋಡುವ ಪರೀಕ್ಷೆ ಅಷ್ಟೊಂದು ನಂಬತಕ್ಕದ್ದಲ್ಲವೆಂದು ವಾದಿಸುವ ತಜ್ಞರುಂಟು. ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಿದ 2016-18ರ ಸಮಗ್ರ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ ಸಂಖ್ಯೆ ಇಳಿದಿದೆ. ಆದರೆ ಅಲ್ಲಿಯೂ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 24, ಹದಿಹರೆಯದವರಲ್ಲಿ ನೂರಕ್ಕೆ 28. ಕಡಿಮೆಯ ಲೆಕ್ಕವನ್ನೇ ಹಿಡಿದರೂ ನಾಲ್ಕು ಮಕ್ಕಳಲ್ಲಿ ಒಂದು. ಬಡವರ ಮನೆಯ ಕಾಯಿಲೆಯೆಂದು ಇದನ್ನು ತಳ್ಳಿಹಾಕುವವರು ನಮ್ಮ ಮನೆಯ ಚೀಟಿಯನ್ನು ಬಂದು ನೋಡಬಹುದು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಸರಕಾರಿ ಶಾಲೆಯ ಮಧ್ಯಾಹ್ನದ ಊಟಕ್ಕೆ ಒಂದು ಅಳತೆಯಿದೆ. ಮದರಾಸು ನಗರಸಭೆ 1920ರಲ್ಲಿ ಕೆಲವು ಶಾಲೆಗಳಲ್ಲಿ ಆರಂಭಿಸಿದ, ಕಾಮರಾಜರು 1956ರಲ್ಲಿ ವಿಸ್ತರಿಸಿದ, 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಅನ್ವಯಿಸಿದ ಆ ಯೋಜನೆಯಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ಹೊತ್ತಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಒಟ್ಟಿನಲ್ಲಿ 450 ಕ್ಯಾಲೊರಿ ಮತ್ತು 12 ಗ್ರಾಂ ಸಸಾರಜನಕ ಸಿಗಬೇಕೆಂದು ನಿಗದಿಯಾಗಿದೆ. ಎಲ್ಲ ಕಡೆ ಅದು ಸರಿಯಾಗಿ ಸಿಗುತ್ತದೆಂದು ನಾವು ಹೇಳಲಾರೆವು. ಆದರೆ ಕೇಳಲಿಕ್ಕೆ ಒಂದು ಅಳತೆಯಾದರೂ ಇದೆ. ಸಾವಿರಾರು ರೂಪಾಯಿ ಶುಲ್ಕ ತೆತ್ತು ಆಂಗ್ಲ ಮಾಧ್ಯಮಕ್ಕೆ ಸೇರಿಸಿದ ನಮ್ಮ ಮಗುವಿನ ಡಬ್ಬಿಯಲ್ಲಿ ಎರಡು ಹೋಳು ಬಿಳಿ ಬ್ರೆಡ್ಡು ಮತ್ತು ಜಾಮು. ಅದರಲ್ಲಿರುವ ಸಸಾರಜನಕ ನಾಲ್ಕೈದು ಗ್ರಾಂ, ತರಕಾರಿ ಸೊನ್ನೆ. ಅದರ ಜೊತೆಗೆ 'ಹಣ್ಣಿನ ರಸ'ವೆಂದು ನಾವು ನಂಬಿ ಕೊಡುವ 200 ಮಿಲಿಲೀಟರಿನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ 20 ಗ್ರಾಮಿಗೂ ಮಿಕ್ಕ ಸಕ್ಕರೆ ಕಾಣುವುದು ಸಾಮಾನ್ಯ, ಎಂದರೆ ನಾಲ್ಕೈದು ಚಮಚ. ಯಾವ ತಾಯಿಯೂ ಮಗುವಿನ ಬಾಯಿಗೆ ನಾಲ್ಕು ಚಮಚ ಸಕ್ಕರೆಯನ್ನು ಸುಮ್ಮನೆ ಸುರಿಯಲಾರಳು. 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ 'ಸಕ್ಕರೆ ಫಲಕ'ಗಳನ್ನು ತೂಗುಹಾಕಬೇಕೆಂದು ಸೂಚಿಸಿದುದು ಈ ಕಾರಣಕ್ಕಾಗಿಯೇ.

ಆದುದರಿಂದ ತಾಯಂದಿರೆಲ್ಲ ಎಚ್ಚೆತ್ತು ಪೌಷ್ಟಿಕ ಬುತ್ತಿಯನ್ನು ಕಟ್ಟಬೇಕೆಂದು ಉಪದೇಶಿಸಿ ಲೇಖನ ಮುಗಿಸುವುದು ಸುಲಭ. ಇಂಥ ಉಪದೇಶಗಳು ಬೇಕಾದಷ್ಟು ಬರುತ್ತವೆ, ಬರೆಯುವವರು ಬಹುಮಟ್ಟಿಗೆ ಗಂಡಸರು. ಈ ನಗರದ ಬೆಳಗು ಹೇಗಿರುತ್ತದೆಂಬುದನ್ನು ಅವರು ಬಲ್ಲರೆಂದು ತೋರುವುದಿಲ್ಲ. ಅನೇಕ ಚಾಳುಗಳಲ್ಲಿ ನಳದ ನೀರು ಬರುವುದೇ ನಸುಕಿನಲ್ಲಿ, ಅದೂ ಸ್ವಲ್ಪ ಹೊತ್ತು. ಬೆಳಗಿನ ಪಾಳಿಯ ಶಾಲೆ ಏಳು ಗಂಟೆಗೆ; ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಫೋರ್ಟಿಗೆ ಹೋಗುವ ತಾಯಿ ಏಳೂವರೆಯ ಲೋಕಲ್ ತಪ್ಪಿಸುವಂತಿಲ್ಲ. ನೀರು ತುಂಬಿ, ಚಾ ಮಾಡಿ, ಗಂಡನ ಡಬ್ಬಿ, ಮಗುವಿನ ಡಬ್ಬಿ, ತನ್ನ ಡಬ್ಬಿ ಮೂರನ್ನೂ ಕಟ್ಟಿ ಓಡುವ ಹೆಂಗಸಿಗೆ 'ವೈವಿಧ್ಯ ತರಬೇಕಮ್ಮ' ಎನ್ನುವುದಕ್ಕೆ ನಮಗಂತೂ ಧೈರ್ಯವಿಲ್ಲ. ಬ್ರೆಡ್ಡಿಗೆ ಜಾಮು ಸವರುವುದು ಸೋಮಾರಿತನವಲ್ಲ, ಅದು ಗಡಿಯಾರದ ಕೆಲಸ.

ನಾವು ಕೇಳಬೇಕಾದ ಪ್ರಶ್ನೆ ಬೇರೆ. ಇನ್ನೂರು ಜನಕ್ಕೆ ಸಾಂಬಾರು ಕೂಡಿಸಬಲ್ಲ, ಕಾವಲಿಯ ಮೇಲೆ ನೀರು ಚಿಮುಕಿಸಿ ಸದ್ದಿನಿಂದಲೇ ಹದ ತಿಳಿಯಬಲ್ಲ ನಮ್ಮ ಗಂಡಸರು ಮನೆಗೆ ಬಂದರೆ ನೀರಿನ ಲೋಟವನ್ನೂ ತಾವಾಗಿ ತೆಗೆದುಕೊಳ್ಳದಿರುವುದು ಏಕೆ? ಸಂಬಳಕ್ಕೆ ಮಾಡಿದರೆ ಅಡುಗೆ ವೃತ್ತಿ, ಮಗುವಿಗೆ ಮಾಡಿದರೆ ಹೆಂಗಸರ ಕೆಲಸ ಎಂಬ ಈ ಲೆಕ್ಕ ನಮ್ಮ ಜನರಲ್ಲಿ ಎಲ್ಲಿಂದ ಹುಟ್ಟಿತೋ ತಿಳಿಯದು. ಅಡುಗೆ ಮನೆಯಲ್ಲಿ ಕೈಸುಟ್ಟುಕೊಂಡು ಮೇಲೆ ಬಂದ ಸಮಾಜವೊಂದು ಈ ನಗರದಲ್ಲಿದ್ದರೆ ಅದು ನಮ್ಮದು. ವಾರದಲ್ಲಿ ಎರಡು ದಿನದ ಡಬ್ಬಿಯನ್ನು ತಂದೆ ಕಟ್ಟಿದರೆ ಯಾರ ಮಾನವೂ ಹೋಗುವುದಿಲ್ಲ. ಸ್ನೇಹಿತರೊಬ್ಬರು, ಥಾಣೆಯಲ್ಲಿ ಒಳ್ಳೆಯ ಹೋಟೆಲು ನಡೆಸುವವರು, ಈ ಮಾತಿಗೆ ನಕ್ಕು, "ನೀವು ಪತ್ರಿಕೆಗೆ ಹೋದ ಮೇಲೆ ಕೆಟ್ಟಿರಿ" ಎಂದರು. ಆಗಲಿ.

ಇನ್ನು ವೃತ್ತಿಯಲ್ಲಿ ಕಲಿತ ಎರಡು ಮಾತು. ಗಿರಾಕಿ ಉಂಡುದು ಚೆನ್ನಾಗಿತ್ತೇ ಎಂದು ಅವನನ್ನೇ ಕೇಳಿದರೆ ಸತ್ಯ ಹೊರಡುವುದಿಲ್ಲ. ಕೈತೊಳೆಯುವ ಗಡಿಬಿಡಿಯಲ್ಲಿ 'ಚೆನ್ನಾಗಿತ್ತು' ಎಂದು ಹೋಗುತ್ತಾನೆ. ಅನುಭವಿ ಮಾಲಕ ತಟ್ಟೆ ತೊಳೆಯುವ ಮೋರಿಯ ಬಳಿ ನಿಂತು ಏನು ಉಳಿದು ಬಂದಿದೆಯೆಂದು ನೋಡುತ್ತಾನೆ. ಮಗುವಿನ ವಿಷಯದಲ್ಲೂ ಹಾಗೆಯೇ ಹಿಂದೆ ಬಂದ ಡಬ್ಬಿಯನ್ನು ನೋಡಬೇಕು, ಬೈಯಲಿಕ್ಕಲ್ಲ, ತಿಳಿಯಲಿಕ್ಕೆ. ಖಾಲಿ ಡಬ್ಬಿಯನ್ನೂ ಸಂಶಯದಿಂದಲೇ ನೋಡಬೇಕೆಂಬುದು ನಮಗೆ ತಡವಾಗಿ ತಿಳಿಯಿತು. ಎರಡನೆಯದು, ದಿನವೂ ಒಂದೇ ಪಲ್ಯ ಬಡಿಸುವ ಊಟದ ಮನೆಗೆ ಗಿರಾಕಿ ಬರುವುದನ್ನು ಬಿಡುತ್ತಾನೆ. ಎದುರಿನ ಹೋಟೆಲು ಇದ್ದೇ ಇದೆ. ಮಗುವಿಗೆ ಎದುರಿನ ಹೋಟೆಲಿಲ್ಲ. ಅದು ಸುಮ್ಮನೆ ಹಸಿದಿರುತ್ತದೆ, ಇಲ್ಲವೆ ಗೇಟಿನ ಹೊರಗಿನ ಗಾಡಿಗೆ ಹೋಗುತ್ತದೆ. ಶಾಲೆಯ ಆವರಣದಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಮಾರಕೂಡದೆಂದು ಆಹಾರ ಸುರಕ್ಷಾ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿದೆ. ನಿಯಮ ಕಾಗದದಲ್ಲಿದೆ, ಗಾಡಿ ಗೇಟಿನಲ್ಲಿದೆ.

ಆ ವೈದ್ಯರ ಭೇಟಿಯಾದ ಬಳಿಕ ನಾವು ಮಾಡಿದ ಎರಡನೆಯ ತಪ್ಪನ್ನೂ ಹೇಳಬೇಕು. ಪಶ್ಚಾತ್ತಾಪದ ಉತ್ಸಾಹದಲ್ಲಿ ಮರುದಿನದಿಂದಲೇ ನೂಡಲ್ಸು ಬಂದ್ ಮಾಡಿದೆವು. ಡಬ್ಬಿಗೆ ರಾಗಿ ದೋಸೆ, ಹರಿವೆ ಸೊಪ್ಪಿನ ಪಲ್ಯ, ಮೊಳಕೆ ಕಾಳು. ರಾಗಿಯ ಮಹಿಮೆಯೇನು ಸುಳ್ಳೇ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಸುಣ್ಣದ ಅಂಶವೆಂದಿದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಗೆ 10 ಮಿಲಿಗ್ರಾಮೂ ಇಲ್ಲ. ಮಂಡ್ಯದ ವಿ.ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದುದರಿಂದ ಕನ್ನಡ ನಾಡಿನ ಎಷ್ಟೋ ಹೊಟ್ಟೆಗಳು ತುಂಬಿದುವು. 2023ನ್ನು ಜಗತ್ತೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಇಷ್ಟೆಲ್ಲ ನಮಗೆ ಗೊತ್ತಿತ್ತು. ಆರನೆಯ ತರಗತಿಯ ಬೆಂಚು ಮಾತ್ರ ಗೊತ್ತಿರಲಿಲ್ಲ. ಮೂರನೆಯ ವಾರದಲ್ಲಿ ಶಾಲೆಯ ಆಯಾ ಹೇಳಿ ಕಳುಹಿಸಿದರು: ಮಗಳು ಡಬ್ಬಿಯನ್ನು ದಿನವೂ ಕಸದ ತೊಟ್ಟಿಗೆ ಸುರಿಯುತ್ತಾಳೆ. ಕೇಳಿದರೆ ಮೊದಲು ಮೌನ. ಮತ್ತೆ ಅತ್ತು, "ಅಪ್ಪ, ಅವರು ಅದನ್ನು ಸಿಮೆಂಟ್ ದೋಸೆ ಅಂತಾರೆ" ಎಂದಳು. ಯಾರೂ ಅವಳೊಡನೆ ಡಬ್ಬಿ ಹಂಚಿಕೊಳ್ಳುತ್ತಿರಲಿಲ್ಲವಂತೆ. ಹಂಚಿಕೊಂಡು ತಿನ್ನುವುದೇ ಮಕ್ಕಳಿಗೆ ಊಟ, ಉಳಿದುದು ನಮ್ಮ ಲೆಕ್ಕಾಚಾರ.

ಪರನಾಡಿನಲ್ಲಿರುವವರಿಗೆ ಈ ಮಾತು ಇನ್ನಷ್ಟು ತಾಗುತ್ತದೆ. ಮನೆಯಲ್ಲಿ ನಾವಾಡುವ ಭಾಷೆ, ಮಾಡುವ ಅಡುಗೆ ಎರಡೂ ತರಗತಿಯಲ್ಲಿ ಬೇರೆಯಾದುವು. ಭಾಷೆಯನ್ನಾದರೂ ಮಗು ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗಬಹುದು. ಡಬ್ಬಿಯ ಮುಚ್ಚಳವನ್ನು ಎಲ್ಲರೆದುರು ತೆಗೆಯಲೇಬೇಕು. ಪುಂಡಿಯನ್ನು, ಪತ್ರೊಡೆಯನ್ನು, ಜೋಳದ ರೊಟ್ಟಿಯನ್ನು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಸಂಸ್ಕೃತಿಯೆಂದು ಕೊಂಡಾಡುವ ನಾವು, ಅದೇ ಪತ್ರೊಡೆಯ ವಾಸನೆಗೆ ನಾಚಿ ಒಂದು ಮೂಲೆಯಲ್ಲಿ ತಿನ್ನುವ ಮಗುವನ್ನು ಕಂಡವರಲ್ಲ. ಇದಕ್ಕೆ ನೂಡಲ್ಸಿಗೆ ಮರಳುವುದು ಪರಿಹಾರವಲ್ಲ, ಹಟದಿಂದ ಸಿಮೆಂಟ್ ದೋಸೆಯನ್ನೇ ತುಂಬುವುದೂ ಅಲ್ಲ.

ದಾರಿ ತೋರಿಸಿದವರು ನಮ್ಮ ಹೋಟೆಲಿನ ಹಳೆಯ ಭಟ್ಟರು. "ಕಾವಲಿ ಬದಲಿಸಿ ಸ್ವಾಮಿ, ಹಿಟ್ಟು ಬದಲಿಸಬೇಡಿ" ಎಂದರು. ಇಡ್ಲಿ ಹಿಟ್ಟಿಗೆ ಕಾಲು ಪಾಲು ರಾಗಿ ಹಿಟ್ಟು ಕಲಸಿ, ಕ್ಯಾರೆಟ್ಟು, ನುಗ್ಗೆ ಸೊಪ್ಪು ಸಣ್ಣಗೆ ಹೆಚ್ಚಿ ಸೇರಿಸಿ, ಗುಳಿಯಪ್ಪದ ಕಾವಲಿಯಲ್ಲಿ ಸುಟ್ಟರು. ಧಾರವಾಡದ ಕಡೆಯವರು ಪಡ್ಡು ಎನ್ನುವುದು ಇದನ್ನೇ. ಉಂಡೆಯಾಗಿ, ಬಾಯಿಗೆ ಒಂದು ತುತ್ತು. ಕೈ ಅಂಟಾಗುವುದಿಲ್ಲ, ಹಂಚಲು ಸುಲಭ. ಮೊದಲ ದಿನ ಹನ್ನೆರಡು ಕಳುಹಿಸಿದುದರಲ್ಲಿ ಅವಳಿಗೆ ಸಿಕ್ಕಿದ್ದು ನಾಲ್ಕಂತೆ. ಎಲ್ಲವೂ ಹೀಗೆ ಗೆದ್ದಿತೆಂದಲ್ಲ. ಮೊಳಕೆ ಕಾಳು ಇಂದಿಗೂ ಹಿಂದೆ ಬರುತ್ತದೆ.

ಒಂದೇ ರುಬ್ಬಿದ ಹಿಟ್ಟಿನಿಂದ ಸೋಮವಾರ ಇಡ್ಲಿ, ಮಂಗಳವಾರ ಪಡ್ಡು, ಬುಧವಾರ ತರಕಾರಿ ಉತ್ತಪ್ಪ ಮಾಡುವುದು ಹೋಟೆಲಿನಲ್ಲಿ ದಿನನಿತ್ಯದ ಯುಕ್ತಿ. ಮನೆಯಲ್ಲಿ ಅದನ್ನು ಏಕೆ ಮಾಡಬಾರದು? ಹೆಸರುಕಾಳನ್ನು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಶುಂಠಿಯೊಡನೆ ರುಬ್ಬಿ ಒಡನೆಯೇ ದೋಸೆ ಹೊಯ್ಯಬಹುದು, ಹುಳಿಬರಿಸುವ ಗೋಜಿಲ್ಲ. ಚಪಾತಿ ಹಿಟ್ಟಿಗೆ ಒಂದು ಹಿಡಿ ಕಡಲೆ ಹಿಟ್ಟು, ಮೆಂತೆ ಸೊಪ್ಪು ಸೇರಿಸುವುದನ್ನು ಗುಜರಾತಿ ನೆರೆಯವರಿಂದ ಕಲಿಯಬಹುದು. ತಾಲಿಪಟ್ಟನ್ನು ಮರಾಠಿಗರಿಂದ ಕಲಿಯಬೇಕಾಗಿಯೇ ಇಲ್ಲ, ನಮ್ಮ ಉತ್ತರ ಕರ್ನಾಟಕದಲ್ಲೂ ಅದು ಮನೆಮಾತು. ಸಣ್ಣ ಡಬ್ಬಿಯೊಂದರಲ್ಲಿ ಹುರಿಗಡಲೆ, ನೆಲಗಡಲೆ, ಒಂದು ಚೂರು ಬೆಲ್ಲ. ಅವಲಕ್ಕಿಯ ಮೇಲೆ ನಿಂಬೆ ಹಿಂಡುವುದು ರುಚಿಗೆ ಮಾತ್ರವಲ್ಲ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವ ಜೊತೆಗಿರಬೇಕು. ಪೇರಲೆ ಹಣ್ಣಿನ ಎರಡು ಹೋಳು ಇಟ್ಟರೂ ಆಯಿತು, ಕಿತ್ತಳೆಗಿಂತ ಅದರಲ್ಲಿಯೇ ಆ ಸತ್ವ ಹೆಚ್ಚು. ಊಟದೊಡನೆ ಮಕ್ಕಳಿಗೆ ಚಾ ಕೊಡುವ ನಮ್ಮವರ ಅಭ್ಯಾಸ ಇದಕ್ಕೆ ನೇರ ವಿರುದ್ಧ. ಚಾದ ಒಗರು ಕಬ್ಬಿಣವನ್ನು ತಡೆಯುತ್ತದೆ. ಚಾ ಮಾರಿಯೇ ಮೇಲೆ ಬಂದ ನಾವು ಇದನ್ನು ಬರೆಯಬೇಕಾಯಿತು! ಅಂದ ಹಾಗೆ ರಕ್ತ ತೀರ ಇಳಿದ ಮಗುವಿಗೆ ಡಬ್ಬಿಯೊಂದೇ ಔಷಧವಲ್ಲ. ನಮ್ಮ ಮಗಳಿಗೆ ವೈದ್ಯರು ಕಬ್ಬಿಣದ ಮಾತ್ರೆಯನ್ನೂ ಜಂತುಹುಳದ ಮಾತ್ರೆಯನ್ನೂ ಕೊಟ್ಟರು, ಅವನ್ನು ಬಿಡದೆ ನುಂಗಿಸಿದೆವು.

ಕೆಡುವ ವಿಷಯವನ್ನು ಹೋಟೆಲಿನವರು ಹೇಳದೆ ಬೇರೆ ಯಾರು ಹೇಳಬೇಕು? ಹಸಿ ತೆಂಗಿನ ಚಟ್ನಿ ಈ ನಗರದ ಅಕ್ಟೋಬರ್ ಸೆಕೆಯಲ್ಲಿ ಮಧ್ಯಾಹ್ನದ ತನಕ ಬಾಳುವುದಿಲ್ಲ. ನಾವು ಹೋಟೆಲಿನಲ್ಲಿ ದಿನಕ್ಕೆ ಮೂರು ಸಲ ರುಬ್ಬುತ್ತಿದ್ದೆವು. ಡಬ್ಬಿಗೆ ಚಟ್ನಿಪುಡಿಯೇ ಸರಿ, ಶೇಂಗಾ ಅಥವಾ ಕರಿಬೇವಿನದು, ಎಳ್ಳೆಣ್ಣೆಯಲ್ಲಿ ಕಲಸಿ. ಬಿಸಿ ಇಡ್ಲಿಯನ್ನು ಒಲೆಯಿಂದಿಳಿಸಿದೊಡನೆ ಮುಚ್ಚಿದರೆ ಒಳಗೆ ಬೆವತು ಗಂಜಿಯಾಗುತ್ತದೆ, ಹತ್ತು ನಿಮಿಷ ಆವಿ ಹೋಗಲಿ. ರಾತ್ರಿಯ ಅನ್ನವನ್ನು ಹೊರಗೇ ಬಿಟ್ಟು ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಬಹಳ ಮನೆಗಳ ಪದ್ಧತಿ. ಒಗ್ಗರಣೆಯ ಬಿಸಿಗೆ ಅನ್ನದಲ್ಲಿ ರಾತ್ರಿ ಹುಟ್ಟಿದ ವಿಷ ನಾಶವಾಗುವುದಿಲ್ಲ. ಅನ್ನ ಆರಿದೊಡನೆ ಶೀತಪೆಟ್ಟಿಗೆಗೆ ಹೋಗಬೇಕು, ಇಲ್ಲವೆ ಬೆಳಗ್ಗೆ ಹೊಸದಾಗಿ ಬೇಯಿಸಬೇಕು. ಮತ್ತೊಂದು ಸಣ್ಣ ಸಂಗತಿ: ಒಂದನೆಯ ತರಗತಿಯ ಹುಡುಗನೊಬ್ಬ ಡಬ್ಬಿಯನ್ನು ತುಂಬಿದಂತೆಯೇ ಹಿಂದೆ ತರುತ್ತಿದ್ದ, ತಾಯಿ ಬೈದು, ಹರಕೆ ಹೊತ್ತು, ಕೊನೆಗೆ ಕಂಡುಕೊಂಡರು, ಆ ಸ್ಟೀಲಿನ ಮುಚ್ಚಳ ಅವನ ಕೈಗೆ ತೆರೆಯುತ್ತಿರಲಿಲ್ಲ.

ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನಮ್ಮವರೂ ಇದ್ದಾರೆ. ಅವರೊಡನೆ ಎರಡು ಮಾತಿದೆ. ಹದಿನೈದಿಪ್ಪತ್ತು ನಿಮಿಷದ ಬಿಡುವಿನಲ್ಲಿ ಸರದಿಯಲ್ಲಿ ನಿಂತು ಕೈತೊಳೆದು ಮಗು ಉಣ್ಣುವುದು ಯಾವಾಗ? ಅದೇ ಬಿಡುವಿನಲ್ಲಿ ಆಟವನ್ನೂ ಆಡಬೇಕೆಂದರೆ ಅದು ಆಟವನ್ನೇ ಆರಿಸಿಕೊಳ್ಳುತ್ತದೆ, ನಾವಾದರೂ ಹಾಗೆಯೇ ಮಾಡುತ್ತಿದ್ದೆವು. ಎರಡನೆಯದು ನಾಜೂಕಿನದು. ಮೊಟ್ಟೆ, ಮೀನು ಡಬ್ಬಿಯಲ್ಲಿ ತರಕೂಡದೆಂದು ಕೆಲವು ಶಾಲೆಗಳು ಕಟ್ಟಳೆ ಮಾಡಿವೆ. ತಿನ್ನದವರ ಭಾವನೆಗೆ ನೋವಾಗಬಾರದೆಂಬುದನ್ನು ನಾವು ಒಪ್ಪುತ್ತೇವೆ. ನಾವೇ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸಿದವರು, ಮನೆಯಲ್ಲಿ ಬಂಗುಡೆ ತಿನ್ನುವವರು. ಆದರೆ ಕರಾವಳಿಯ ಮಗುವಿಗೆ ಮೊಟ್ಟೆಯೊಂದು ಆರು ಗ್ರಾಂ ಒಳ್ಳೆಯ ಸಸಾರಜನಕ. ಅದನ್ನು ಅಶುಚಿಯೆಂಬಂತೆ ನಿಷೇಧಿಸಿ, ಪಕ್ಕದ ಬೆಂಚಿನ ಕರಿದ ಚಿಪ್ಸಿನ ಪೊಟ್ಟಣವನ್ನು ಸುಮ್ಮನೆ ಬಿಡುವುದು ಯಾವ ನ್ಯಾಯ? ಕರ್ನಾಟಕದ ಶಾಲೆಗಳಲ್ಲಿ 2022ರಿಂದ ತಿನ್ನುವ ಮಗುವಿಗೆ ಮೊಟ್ಟೆ, ತಿನ್ನದ ಮಗುವಿಗೆ ಬಾಳೆಹಣ್ಣು ಎಂದು ಒಂದೇ ಸೂರಿನಡಿ ನಡೆದುಬಂದಿದೆ. ಗಲಾಟೆಯಾಯಿತು, ವಾದಗಳಾದುವು, ಆದರೂ ನಡೆದಿದೆ. ಬೇರೆ ಬೇರೆ ಬೆಂಚಿಟ್ಟಾದರೂ ಸರಿ, ಮಗುವಿನ ಡಬ್ಬಿಯನ್ನು ತಪಾಸಣೆ ಮಾಡುವ ಪದ್ಧತಿ ನಿಲ್ಲಬೇಕೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮ ಸಂಘ ಸಂಸ್ಥೆಗಳೂ ಇಲ್ಲಿ ಕೈಜೋಡಿಸಬಹುದು. ವರ್ಷಕ್ಕೊಂದು ಯಕ್ಷಗಾನ, ಎರಡು ಸನ್ಮಾನ, ಹತ್ತಾರು ಶಾಲು ಹಾರಗಳ ನಡುವೆ ಒಂದು ಭಾನುವಾರ ಮಕ್ಕಳ ರಕ್ತ ಪರೀಕ್ಷೆಯ ಶಿಬಿರವನ್ನು ಏರ್ಪಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಅದೇ ಸಭಾಗೃಹದಲ್ಲಿ ನಮ್ಮ ಹೋಟೆಲುಗಳ ಭಟ್ಟರು ಡಬ್ಬಿಗೆ ಒಗ್ಗುವ ನಾಲ್ಕು ತಿನಿಸುಗಳನ್ನು ಮಾಡಿ ತೋರಿಸಲಿ. ತೋರಿಸುವಾಗ ಮುಂದಿನ ಸಾಲಿನಲ್ಲಿ ತಂದೆಯರು ಕುಳಿತಿರಲಿ. ತಾಯಂದಿರು ಬೇಕಿದ್ದರೆ ಹಿಂದೆ ಕುಳಿತು ಮಾತಾಡಿಕೊಳ್ಳಲಿ, ಅವರಿಗೆ ವಾರದಲ್ಲಿ ಅದಕ್ಕೂ ಹೊತ್ತು ಸಿಗುವುದಿಲ್ಲ. ಇಂಥದೊಂದು ಶಿಬಿರಕ್ಕೆ ಮುಂದೆ ಬರುವ ಸಂಘದ ವಿವರವನ್ನು ಈ ಪತ್ರಿಕೆಯಲ್ಲಿ ಉಚಿತವಾಗಿ ಪ್ರಕಟಿಸುತ್ತೇವೆ. ತಮ್ಮ ಮಕ್ಕಳ ಡಬ್ಬಿಯಲ್ಲಿ ನಿಜವಾಗಿ ಖಾಲಿಯಾಗಿ ಬಂದ ತಿನಿಸೊಂದನ್ನು ವಾಚಕರು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಿದರೆ ಅದಕ್ಕೂ ಸ್ಥಳ ಮಾಡುತ್ತೇವೆ. ಕಸದ ತೊಟ್ಟಿಗೆ ಹೋದುದನ್ನು ಬರೆದರೂ ಬೇಸರವಿಲ್ಲ.

ನಮ್ಮ ಮಗಳು ಈಗ ಎಂಟನೆಯ ತರಗತಿ. ಕಳೆದ ತಿಂಗಳ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.8 ಬಂದಿದೆ, ಇನ್ನೂ ಸ್ವಲ್ಪ ಏರಬೇಕೆಂದು ವೈದ್ಯರು ಹೇಳಿದ್ದಾರೆ. ತಿಂಗಳಿಗೆ ಎರಡು ಸಲ ನೂಡಲ್ಸು ಇರಬೇಕೆಂದು ಅವಳು ಹಟಹಿಡಿದು ಗೆದ್ದಿದ್ದಾಳೆ, ಅದರಲ್ಲಿ ಮೊಟ್ಟೆ, ಬಟಾಣಿ ಇರಬೇಕೆಂದು ನಾವು ಗೆದ್ದಿದ್ದೇವೆ. ಮನೆಯಲ್ಲಿ ಮಂಗಳವಾರ ಮತ್ತು ಶುಕ್ರವಾರದ ಡಬ್ಬಿ ನಮ್ಮ ಪಾಲಿಗೆ ಬಂದಿದೆ. ನಾಳೆ ಮಂಗಳವಾರ. ಅಚ್ಚಿಗೆ ಹೋಗುವ ಪುಟಗಳನ್ನು ನೋಡಿ ಮುಗಿಸಿ, ಮನೆಗೆ ಹೋಗಿ ಹೆಸರುಕಾಳು ನೆನೆಹಾಕಬೇಕಾಗಿದೆ.